‘ಇನ್ ಹಾಸ್ಪಿಟಲ್’ ಸರಿನಾ, ‘ಇನ್ ದ ಹಾಸ್ಪಿಟಲ್’ ಸರಿನಾ?

ಬಸವನಗುಡಿ ಹುಡುಗ: ರಜೆ ಕೇಳಿ ‘ಮೈ ಫಾದರ್ ಈಸ್ ಇನ್ ಹಾಸ್ಪಿಟಲ್’ ಅಂತ ಮೇಲ್ ಹಾಕಿದ್ದೆ. ಮ್ಯಾನೇಜರ್ ರಜೆ ಕೊಟ್ಟರು, ಜೊತೆಗೆ ಹಾಸ್ಪಿಟಲ್ ಹಿಂದೆ ಒಂದು ‘ದ’ ಸೇರಿಸಿ ತಿದ್ದಿಯೂ ಕಳಿಸಿದರು. ಯಾರು ಸರಿ?

ನಿವೃತ್ತ ಮೇಷ್ಟ್ರು: ನೀವೇ ಸರಿ. ಅಡ್ಮಿಟ್ ಆದ ರೋಗಿ ‘ಇನ್ ಹಾಸ್ಪಿಟಲ್’. ಅವರನ್ನು ನೋಡೋಕೆ ಹೋಗಿ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವವನು ‘ಇನ್ ದ ಹಾಸ್ಪಿಟಲ್’. ಓದೋಕೆ ಹೋಗುವ ಮಗು ‘ಟು ಸ್ಕೂಲ್’, ಫೀಸ್ ಕಟ್ಟೋಕೆ ಹೋಗುವ ಅಪ್ಪ ‘ಟು ದ ಸ್ಕೂಲ್’. ನಿಯಮ ಅಂದ್ರೆ ನಿಯಮ.

ಡಾಲಸ್ ಕನ್ನಡಿಗ: ‘ನಿಯಮ ಅಂದ್ರೆ ನಿಯಮ’ ಅಂತೆ! ಯಾರ ನಿಯಮ? ಅಮೆರಿಕದಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದವನೂ ‘ಇನ್ ದ ಹಾಸ್ಪಿಟಲ್’ ಅಂತಾನೇ ಹೇಳೋದು.

ನಿವೃತ್ತ ಮೇಷ್ಟ್ರು: ಸ್ಕೂಲ್, ಜೈಲ್ ವಿಷಯಕ್ಕೆ ಬಂದರೆ ಅಮೆರಿಕದವರೂ ನಾನು ಹೇಳಿದ ಹಾಗೇ ಮಾತಾಡೋದು. ಅದನ್ಯಾಕೆ ನುಂಗಿಬಿಟ್ರಿ?

ಬಯಲುಸೀಮೆ: ಕನ್ನಡದಲ್ಲಿ ಈ ರಗಳೆನೇ ಇಲ್ಲ. ‘ಅಪ್ಪ ಆಸ್ಪತ್ರೇಲಿದಾರೆ’. ಮುಗೀತು.

ಶರಾವತಿ ತೀರ: ಆಸ್ಪತ್ರೆ ಬಿಡಿ. ನದಿ ಹೆಸರಿಗೆ ‘ದ’ ಬೇಕೇ ಬೇಕು. ನಮ್ಮ ಇಂಗ್ಲಿಷ್ ಪೇಪರ್‌ಗಳು ‘ಕಾವೇರಿ ಇನ್ ಸ್ಪೇಟ್’ (ಕಾವೇರಿ ಉಕ್ಕಿ ಹರೀತಿದೆ) ಅಂತ ಹಾಕ್ತಾವೆ. ನೋಡಿದ್ರೆ ಮೈ ಉರಿಯುತ್ತೆ.

ರಾತ್ರಿಪಾಳಿ ಡೆಸ್ಕ್: ಅದು ಹೆಡ್‌ಲೈನ್ ಸ್ವಾಮಿ. ಜಾಗ ಇಲ್ಲ ಅಂತ ‘ದ’ ಥರದ ಆರ್ಟಿಕಲ್ ಬಿಡ್ತೀವಿ. ಲಂಡನ್ನಿನ ಪೇಪರ್‌ಗಳೂ ಬಿಡ್ತಾವೆ. ಕೆಳಗಿನ ಸುದ್ದಿ ಓದಿ, ಅಲ್ಲಿ ‘ದ ಕಾವೇರಿ’ ಇರುತ್ತೆ.

ಶರಾವತಿ ತೀರ: ‘ಜಾಗ ಇಲ್ಲ’! ಅರ್ಧ ಪುಟ ಸೀರೆ ಜಾಹೀರಾತಿಗೆ ಜಾಗ ಇದೆ, ಮೂರಕ್ಷರಕ್ಕೆ ಇಲ್ವಾ?

ರಾತ್ರಿಪಾಳಿ ಡೆಸ್ಕ್: ಆ ಸೀರೆಯಿಂದಲೇ ನಿಮಗೆ ಪೇಪರ್ ಅಷ್ಟು ಅಗ್ಗಕ್ಕೆ ಸಿಗ್ತಿರೋದು. ‘ಬೇಕೇ ಬೇಕು’ ಅನ್ನೋರು ಜೋಗ್ ಫಾಲ್ಸ್ ಹಿಂದೆ ‘ದ’ ಹಾಕ್ತೀರಾ?

ಶರಾವತಿ ತೀರ: ಜೋಗ ನದಿಯಲ್ಲ ರೀ, ಜಲಪಾತ! ನದಿ ಶರಾವತಿ. ಭೂಗೋಳನೂ ನಾನೇ ಹೇಳಿಕೊಡಬೇಕಾ?

ಡಾಲಸ್ ಕನ್ನಡಿಗ: ನಯಾಗರಾ ಫಾಲ್ಸ್‌ಗೂ ‘ದ’ ಇಲ್ಲ. ನಯಾಗರಾ ನದಿಗೆ ಇದೆ.

ಬಯಲುಸೀಮೆ: ಹಿಮಾಲಯಕ್ಕೆ ಇದೆ, ಎವರೆಸ್ಟ್‌ಗೆ ಇಲ್ಲ. ಇದರಲ್ಲಿ ಲಾಜಿಕ್ ಹುಡುಕೋರಿಗೆ ಕೈ ಮುಗಿದೆ.

ನಿವೃತ್ತ ಮೇಷ್ಟ್ರು: ಲಾಜಿಕ್ ಇದೆಯಪ್ಪಾ. ಬೆಟ್ಟದ ಸಾಲಿಗೆ ಬೇಕು, ಒಂಟಿ ಶಿಖರಕ್ಕೆ ಬೇಡ. ದ್ವೀಪಗಳ ಗುಂಪಿಗೂ ಹಾಗೇ. ಮಾಲ್ಡೀವ್ಸ್‌ಗೆ ಬೇಕು, ಶ್ರೀಲಂಕಾಕ್ಕೆ ಬೇಡ.

ಡಾಲಸ್ ಕನ್ನಡಿಗ: ‘ಗುಂಪು’ ಅಂತೀರಲ್ಲ, ಗ್ಯಾಂಬಿಯಾ ಯಾವ ಗುಂಪು? ಒಂದೇ ದೇಶ. ಆದ್ರೂ ‘ದ ಗ್ಯಾಂಬಿಯಾ’.

ನಿವೃತ್ತ ಮೇಷ್ಟ್ರು: ಅದು ನದಿಯಿಂದ ಬಂದ ಹೆಸರು.

ಶರಾವತಿ ತೀರ: ನೋಡಿದ್ರಾ! ನದಿ! ದೇಶದ ಹೆಸರಾದ್ರೂ ‘ದ’ ಬಿಟ್ಟಿಲ್ಲ. ಡೆಸ್ಕ್‌ನವರು ಮಾತ್ರ ಕಾವೇರಿದು ಕಿತ್ತು ಬಿಸಾಕ್ತಾರೆ.

ರಾತ್ರಿಪಾಳಿ ಡೆಸ್ಕ್: ಅಯ್ಯೋ, ಹೆಡ್‌ಲೈನ್ ಅಂತ ಎಷ್ಟು ಸಲ ಹೇಳ್ಲಿ? ನಾಳೆಯಿಂದ ನೀವೇ ಬನ್ನಿ, ಸಿಂಗಲ್ ಕಾಲಂನಲ್ಲಿ ಮೂರು ಡೆಕ್ (ಮೂರು ಸಾಲು) ಹೆಡ್ಡಿಂಗ್ ಕೊಡಿ.

ಶರಾವತಿ ತೀರ: ಬರ್ತೀನಿ. ಮೊದಲು ಸೀರೆ ತೆಗೀರಿ.