ಬೇಯಿಸಿಯೇ ಮಾರುವ ಟರ್ಕಿ ಕೋಳಿ ತಂದು ಬಿಸಿ ಮಾಡಿದವರು ಯಾರಾದರೂ ಇದ್ದೀರಾ? ಗುರುವಾರ ಎಂಟು ಜನರ ಊಟ

ಮೂಲೆಮನೆ ಕೇಳಿದ್ದು (ಶುಕ್ರವಾರ ರಾತ್ರಿ):

ಎಲ್ಲರಿಗೂ ನಮಸ್ಕಾರ. ಈ ಸಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ನಮ್ಮ ಮನೆಯಲ್ಲಿ. ನಾವು ಅಮೆರಿಕಕ್ಕೆ ಬಂದು ಏಳು ವರ್ಷ ಆಯಿತು. ಇಷ್ಟು ವರ್ಷವೂ ನವೆಂಬರ್‌ನ ಆ ನಾಲ್ಕನೇ ಗುರುವಾರ ಪಕ್ಕದ ಮನೆಯ ಅಜ್ಜ ಅಜ್ಜಿ ನಮ್ಮನ್ನು ಊಟಕ್ಕೆ ಕರೆಯುತ್ತಿದ್ದರು. ಅಜ್ಜ ಟರ್ಕಿಯನ್ನು ಇಡಿಯಾಗಿ ತಂದು ಮೇಜಿನ ನಡುವೆ ಇಡುತ್ತಿದ್ದರು. ನಿಂತುಕೊಂಡೇ ಕತ್ತರಿಸಿ, ಯಾರಿಗೆ ಯಾವ ತುಂಡು ಬೇಕು ಅಂತ ಒಬ್ಬೊಬ್ಬರನ್ನೇ ಕೇಳಿ ಬಡಿಸುತ್ತಿದ್ದರು. ನನ್ನ ಮಗಳಿಗೆ ಯಾವಾಗಲೂ ಕಾಲು. ಮಾರ್ಚ್ ತಿಂಗಳಲ್ಲಿ ಅಜ್ಜ ತೀರಿಕೊಂಡರು. ಈ ವರ್ಷ ಅಜ್ಜಿ ಒಬ್ಬರೇ ಕೂತು ಊಟ ಮಾಡುವುದು ಬೇಡ ಅಂತ ನಾವೇ ಕರೆದಿದ್ದೇವೆ. ಒಟ್ಟು ಎಂಟು ಜನ.

ತೊಂದರೆ ಏನೆಂದರೆ ನಾನು ಆಸ್ಪತ್ರೆಯಲ್ಲಿ ನರ್ಸ್. ಗುರುವಾರ ಡ್ಯೂಟಿ ಮುಗಿಸಿ ಮನೆ ಸೇರುವಾಗ ಮಧ್ಯಾಹ್ನ ಒಂದೂವರೆ. ಊಟ ಐದು ಗಂಟೆಗೆ. ಹಸಿ ಟರ್ಕಿ ಓವನ್‌ನಲ್ಲೇ ಮೂರು ಗಂಟೆ ಬೇಕು, ಅದರ ಮುಂಚಿನ ಕೆಲಸ ಬೇರೆ. ಮೊದಲ ಸಲ ಮಾಡುವವಳು ಅಷ್ಟು ಬಿಗಿಯಾದ ಸಮಯ ಇಟ್ಟುಕೊಂಡು ಮಾಡಲಾರೆ. ಹಾಗಾಗಿ ಬೇಯಿಸಿದ್ದನ್ನೇ ತರುವುದು ಅಂತ ತೀರ್ಮಾನ.

ಎರಡು ದಾರಿ ಇವೆ. ಒಂದು, ಬುಧವಾರ ಸಂಜೆ ಬಿಸಿಬಿಸಿಯಾಗಿ ಡಬ್ಬದಲ್ಲಿ ಕೊಡುತ್ತಾರೆ. ಇನ್ನೊಂದು, ಬೇಯಿಸಿ, ತಣಿಸಿ, ಸೀಲ್ ಮಾಡಿದ 12 ಪೌಂಡ್‌ನ ಟರ್ಕಿ. ಅದು ಫ್ರೀಜ್ ಆಗಿ ಕಲ್ಲಿನ ಹಾಗಿದೆ. ಯಾವುದು ಒಳ್ಳೆಯದು? ಇಡಿಯಾಗಿ ಬಿಸಿ ಮಾಡಬಹುದಾ? ಹಿಂದೆ ಗೆಳತಿಯ ಮನೆಯಲ್ಲಿ ಹೀಗೆ ಬಿಸಿ ಮಾಡಿದ ಟರ್ಕಿ ತಿಂದಿದ್ದೇನೆ. ಎದೆ ಭಾಗ ಹತ್ತಿ ಅಗಿದ ಹಾಗಿತ್ತು. ಮೇಜಿಗೆ ಇಡಿಯಾಗಿ ತರಬೇಕು ಅನ್ನುವುದು ನನ್ನ ಆಸೆ, ಅಜ್ಜಿಗೋಸ್ಕರ. ಇರುವುದು ಒಂದೇ ಓವನ್.

ದೊಡ್ಡತಟ್ಟೆ ಉತ್ತರಿಸಿದ್ದು:

ಬಿಸಿಯದು ಬೇಡವೇ ಬೇಡ, ದಯವಿಟ್ಟು. ಗುರುವಾರವೇ ತಂದು ಎರಡು ಗಂಟೆಯೊಳಗೆ ತಿನ್ನುವುದಾದರೆ ಅದು ಚೆನ್ನ. ಬುಧವಾರ ತಂದು ಗುರುವಾರಕ್ಕೆ ಇಡುವುದಾದರೆ ಅಪಾಯ.

ನನಗೆ ಆದದ್ದು ಹೇಳುತ್ತೇನೆ. ಮೂರು ವರ್ಷದ ಹಿಂದೆ ಬುಧವಾರ ಸಂಜೆ ಐದಕ್ಕೆ 14 ಪೌಂಡ್‌ನ ಬಿಸಿ ಟರ್ಕಿ ತಂದೆ. ಡಬ್ಬದ ಸಮೇತ ಫ್ರಿಜ್‌ನಲ್ಲಿ ಇಟ್ಟೆ. ಫ್ರಿಜ್‌ನಲ್ಲಿ ಇದೆಯಲ್ಲ, ಇನ್ನೇನು ಅಂತ ನಿಶ್ಚಿಂತೆ. ರಾತ್ರಿ ಹನ್ನೊಂದಕ್ಕೆ ಯಾಕೋ ಅನುಮಾನ ಬಂದು ತೊಡೆಗೆ ಥರ್ಮಾಮೀಟರ್ ಚುಚ್ಚಿದೆ. 82 ಡಿಗ್ರಿ ಫ್ಯಾರನ್‌ಹೀಟ್! ಆರು ಗಂಟೆ ಕಳೆದರೂ ಮೂಳೆಯ ಹತ್ತಿರ ಇನ್ನೂ ಬೆಚ್ಚಗೆ. ಪೂರ್ತಿ ಕಸಕ್ಕೆ ಹಾಕಿದೆ. ದುಡ್ಡು ಹೋಯಿತು ಅನ್ನುವುದಕ್ಕಿಂತ, ಮಕ್ಕಳಿಗೆ ಅದನ್ನೇ ಬಡಿಸಿಬಿಡುತ್ತಿದ್ದೆನಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

40ರಿಂದ 140 ಡಿಗ್ರಿ ಮಧ್ಯೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ ಒಂದು ಇದೆ. ಅದರ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ದೊಡ್ಡ ಮಾಂಸದ ಮುದ್ದೆ ನಿಧಾನವಾಗಿ ತಣಿಯುತ್ತಾ ಇದ್ದರೆ ಅದಕ್ಕೆ ಹಬ್ಬ. ಬಿಸಿಯದನ್ನು ತಂದು ಮಾರನೆಯ ದಿನಕ್ಕೆ ಇಡಲೇಬೇಕು ಅಂದರೆ, ಬಂದ ತಕ್ಷಣ ಮಾಂಸ ಬಿಡಿಸಿ, ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಫ್ರಿಜ್‌ಗೆ ಇಡಬೇಕು. ಆಗ ಇಡೀ ಟರ್ಕಿ ಮೇಜಿಗೆ ಬರುವುದಿಲ್ಲ, ನಿಮ್ಮ ಆಸೆಯೂ ಈಡೇರುವುದಿಲ್ಲ. ಸೀಲ್ ಮಾಡಿದ್ದನ್ನೇ ತನ್ನಿ. ಅದನ್ನು ತಯಾರಿಸುವ ಕಡೆಯೇ ಬೇಗ ತಣಿಸಿರುತ್ತಾರೆ.

ಒಲೆಮುಂದೆ ಉತ್ತರಿಸಿದ್ದು:

ಮೇಲಿನವರು ಹೇಳಿದ್ದು ಸರಿ. ನಾನು ಹದಿನೈದು ವರ್ಷ ಕೇಟರಿಂಗ್ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. ಸ್ವಲ್ಪ ವಿವರವಾಗಿ ಬರೆಯುತ್ತೇನೆ ಅಕ್ಕ.

ಮೊದಲು ಲೇಬಲ್ ಓದಿ. 'ಫುಲ್ಲಿ ಕುಕ್ಡ್' ಅಂತ ಇರಲೇಬೇಕು. 'ಓವನ್ ರೆಡಿ' ಅಂತ ಇದ್ದರೆ ಅದು ಹಸಿಯದು, ಮೋಸ ಹೋಗಬೇಡಿ. ಆಮೇಲೆ ಕರಗಿಸುವುದು. ಫ್ರಿಜ್‌ನಲ್ಲಿ 4ರಿಂದ 5 ಪೌಂಡ್‌ಗೆ ಒಂದು ದಿನ ಅಂತ ಲೆಕ್ಕ. ನಿಮ್ಮ 12 ಪೌಂಡ್‌ಗೆ ಮೂರು ದಿನ. ಭಾನುವಾರ ರಾತ್ರಿಯೇ ಫ್ರೀಜರ್‌ನಿಂದ ತೆಗೆದು ಕೆಳಗಿನ ಅರೆಯಲ್ಲಿ ಇಡಿ, ಅಡಿಗೆ ಒಂದು ಟ್ರೇ ಇರಲಿ, ನೀರು ಸೋರುತ್ತದೆ. ಕೌಂಟರ್ ಮೇಲೆ ಇಟ್ಟು ಕರಗಿಸಬೇಡಿ.

ಈಗ ಮುಖ್ಯ ವಿಷಯ. ಅದು ಆಗಲೇ ಬೆಂದಿದೆ. ನೀವು ಮತ್ತೆ ಬೇಯಿಸುತ್ತಿಲ್ಲ, ಒಳಗಿನವರೆಗೆ ಬಿಸಿ ಮುಟ್ಟಿಸುತ್ತಿದ್ದೀರಿ ಅಷ್ಟೇ. ಎಲ್ಲರೂ ಎಡವುವುದು ಇಲ್ಲೇ. ಎದೆ ಭಾಗದಲ್ಲಿ ಕೊಬ್ಬು ತುಂಬಾ ಕಡಿಮೆ. ಒಂದು ಸಲ ಬೆಂದಾಗಲೇ ಅದರ ನೀರು ಒಂದಷ್ಟು ಹಿಂಡಿ ಹೋಗಿರುತ್ತದೆ. ಎರಡನೇ ಸಲ ಒಣ ಶಾಖದಲ್ಲಿ ಬಿಟ್ಟರೆ ನೀವು ಹೇಳಿದ ಹತ್ತಿಯೇ ಆಗುತ್ತದೆ. ತೊಡೆ, ಕಾಲು ಹಾಗಲ್ಲ, ಜಾಸ್ತಿ ಶಾಖ ತಡೆಯುತ್ತವೆ.

ಹಾಗಾಗಿ ಆವಿ ಬೇಕು. ಓವನ್ 325 ಡಿಗ್ರಿ, ಅದಕ್ಕಿಂತ ಕಡಿಮೆ ಬೇಡ. ಆಳವಾದ ಟ್ರೇ, ಅಡಿಯಲ್ಲಿ ಒಂದು ಕಪ್ ಚಿಕನ್ ಬ್ರಾತ್ (ಕೋಳಿ ಕುದಿಸಿ ಸೋಸಿದ ತಿಳಿ ರಸ). ಎದೆಯ ಮೇಲೆ ಬೆಣ್ಣೆ ಸವರಿ ಅಲ್ಲಿಗೆ ಮಾತ್ರ ಒಂದು ತುಂಡು ಫಾಯಿಲ್ ಮುಚ್ಚಿ. ಅದರ ಮೇಲೆ ಇಡೀ ಟ್ರೇಗೆ ಇನ್ನೊಂದು ಫಾಯಿಲ್, ಅಂಚು ಬಿಗಿಯಾಗಿ ಒತ್ತಿ. ಪೌಂಡ್‌ಗೆ ಸುಮಾರು 8ರಿಂದ 10 ನಿಮಿಷ, ಅಂದರೆ ಎರಡು ಗಂಟೆಯ ಹತ್ತಿರ. ಪ್ಯಾಕೆಟ್ ಮೇಲೆ ಬೇರೆ ಸಮಯ ಬರೆದಿದ್ದರೆ ಅದನ್ನೇ ನಂಬಿ. ಗಡಿಯಾರಕ್ಕಿಂತ ಥರ್ಮಾಮೀಟರ್ ಮುಖ್ಯ. ಎದೆಯ ದಪ್ಪ ಜಾಗ, ತೊಡೆಯ ಒಳಭಾಗ, ಎರಡೂ ಕಡೆ ಮೂಳೆಗೆ ತಾಗದ ಹಾಗೆ ಚುಚ್ಚಿ ನೋಡಿ. 165 ಬರಬೇಕು. ಕೊನೆಯ ಹತ್ತು ನಿಮಿಷ ಫಾಯಿಲ್ ತೆಗೆದು ಶಾಖ 400ಕ್ಕೆ ಏರಿಸಿದರೆ ಚರ್ಮ ಸ್ವಲ್ಪ ಗರಿಯಾಗುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಬಿಸಿ ಮಾಡುವ ಯೋಚನೆ ಬೇಡ, ಅದು ತುಂಬಾ ನಿಧಾನ.

ನಿಮ್ಮ ಲೆಕ್ಕ ಹೀಗೆ ಬರುತ್ತದೆ. ಎರಡು ಗಂಟೆಗೆ ಓವನ್‌ಗೆ. ನಾಲ್ಕೂಕಾಲಿಗೆ ಹೊರಗೆ. ಫಾಯಿಲ್ ಸಡಿಲವಾಗಿ ಮುಚ್ಚಿ ಹಾಗೇ ಬಿಡಿ, ಅಷ್ಟು ದೊಡ್ಡದು ಬೇಗ ಆರುವುದಿಲ್ಲ. ಓವನ್ ಖಾಲಿ ಆಯಿತಲ್ಲ, ಆ ಮುಕ್ಕಾಲು ಗಂಟೆ ಉಳಿದ ಐಟಂಗಳಿಗೆ.

ದೊಡ್ಡತಟ್ಟೆ:

ಇಡಿಯಾಗಿ ಮೇಜಿಗೆ ತನ್ನಿ, ಆದರೆ ಅಲ್ಲಿ ಕಾಲು, ತೊಡೆ ಮಾತ್ರ ಬಿಡಿಸಿ. ಎದೆ ಭಾಗವನ್ನು ಒಳಗೆ ಒಯ್ದು, ಮೂಳೆಯಿಂದ ಪೂರ್ತಿ ಬಿಡಿಸಿ, ಎಳೆಗೆ ಅಡ್ಡಲಾಗಿ ಹೋಳು ಮಾಡಿ. ಒಂದು ಅಗಲ ಪಾತ್ರೆಯಲ್ಲಿ ಜೋಡಿಸಿ, ಬಿಸಿ ಬ್ರಾತ್ ಸೌಟಿನಲ್ಲಿ ಎರಡು ಸಲ ಮೇಲೆ ಹಾಕಿ ತನ್ನಿ. ನಮ್ಮ ಮನೆಯಲ್ಲಿ ಈಗ ಹೀಗೆಯೇ. ಒಣಗಿದೆ ಅಂತ ಯಾರೂ ಹೇಳಿಲ್ಲ.

ಮೂಲೆಮನೆ (ಭಾನುವಾರ):

ತುಂಬಾ ಥ್ಯಾಂಕ್ಸ್. ಸೀಲ್ ಮಾಡಿದ್ದನ್ನೇ ತಂದೆ. ಈಗ ಫ್ರಿಜ್‌ನ ಕೆಳ ಅರೆಯಲ್ಲಿದೆ. ಹಾಲಿನ ಕ್ಯಾನಿಗೆ ಬೇರೆ ಜಾಗ ಹುಡುಕಬೇಕಾಯಿತು. ಇನ್ನೆರಡು ಪ್ರಶ್ನೆ. ಲೇಬಲ್‌ನಲ್ಲಿ 'ಸ್ಮೋಕ್ಡ್' ಅಂತಲೂ ಇದೆ, ಮಾಂಸ ಗುಲಾಬಿ ಬಣ್ಣ ಇದ್ದರೆ ಬೆಂದಿಲ್ಲ ಅಂತ ಅಲ್ಲ ಅಲ್ವಾ? ಮತ್ತೆ ಟ್ರೇಯಲ್ಲಿ ಉಳಿಯುವ ರಸದಲ್ಲೇ ಗ್ರೇವಿ ಮಾಡಬಹುದಾ?

ಒಲೆಮುಂದೆ:

ಹೊಗೆ ಹಾಕಿದ ಮಾಂಸ ಪೂರ್ತಿ ಬೆಂದರೂ ಗುಲಾಬಿಯಾಗಿಯೇ ಇರುತ್ತದೆ. ಬಣ್ಣ ನೋಡಬೇಡಿ, ಥರ್ಮಾಮೀಟರ್ ನೋಡಿ.

ಗ್ರೇವಿ ವಿಷಯದಲ್ಲಿ ಹುಷಾರು. ಇಂಥ ಟರ್ಕಿಗೆ ಮೊದಲೇ ಉಪ್ಪುನೀರು ಹಿಡಿಸಿರುತ್ತಾರೆ. ಆ ರಸ ಬರೀ ಉಪ್ಪು. ಗ್ರೇವಿಯನ್ನು ಬುಧವಾರ ರಾತ್ರಿಯೇ ಬೇರೆ ಮಾಡಿಡಿ. ಎರಡು ಚಮಚ ಬೆಣ್ಣೆ, ಎರಡು ಚಮಚ ಮೈದಾ, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಉಪ್ಪು ಕಡಿಮೆ ಇರುವ ಬ್ರಾತ್ ಒಂದು ಕಪ್ ನಿಧಾನವಾಗಿ ಹುಯ್ಯುತ್ತಾ ಕದಡಿ. ಎಂಟು ಜನಕ್ಕೆ ಇದರ ಮೂರರಷ್ಟು ಬೇಕು. ಗುರುವಾರ ಕುದಿಸುವಾಗ ಟ್ರೇಯ ರಸವನ್ನು ರುಚಿ ನೋಡಿಕೊಂಡು ಚಮಚದ ಲೆಕ್ಕದಲ್ಲಿ ಸೇರಿಸಿ. ಟ್ರೇಗೆ ಹಾಕುವ ಬ್ರಾತ್ ಕೂಡ ಉಪ್ಪು ಕಡಿಮೆ ಇರುವುದೇ ಇರಲಿ. ಓವನ್‌ಗೆ ಇಡುವ ಮೊದಲು ಟರ್ಕಿಯ ಒಳಗೆ ಕೈ ಹಾಕಿ ಪ್ಲಾಸ್ಟಿಕ್, ಪ್ಯಾಕೆಟ್ ಏನಾದರೂ ಇದೆಯಾ ನೋಡುವುದು ಮರೆಯಬೇಡಿ.

ಮೂಲೆಮನೆ (ಶುಕ್ರವಾರ ಬೆಳಿಗ್ಗೆ):

ಊಟ ಚೆನ್ನಾಗಿ ಆಯಿತು. ಏನೇನಾಯಿತು ಅಂತ ಬರೆಯಲೇಬೇಕು ಅನಿಸಿತು.

ಎರಡು ಗಂಟೆಗೆ ಓವನ್‌ಗೆ ಇಟ್ಟೆ. ನಾಲ್ಕಕ್ಕೆ ನೋಡಿದರೆ ಎದೆ 158, ತೊಡೆ 147. ಎದೆ ಭಾಗವನ್ನು ಅಲ್ಲಿಗೇ ಉಳಿಸಿಕೊಳ್ಳಬೇಕು ಅಂತ ಒಂದು ಕ್ಷಣ ಓವನ್ ಆರಿಸಲು ಹೊರಟೆ. ಆಮೇಲೆ ನಿಮ್ಮ ಮಾತು ನೆನಪಾಗಿ ಟ್ರೇಗೆ ಇನ್ನಷ್ಟು ಬಿಸಿ ಬ್ರಾತ್ ಹಾಕಿ, ತೊಡೆಯ ಕಡೆಯನ್ನು ಓವನ್‌ನ ಹಿಂಬದಿಗೆ ತಿರುಗಿಸಿ, ಫಾಯಿಲ್ ಮತ್ತೆ ಬಿಗಿದೆ. ಇನ್ನರ್ಧ ಗಂಟೆಗೆ ತೊಡೆಯೂ 165 ದಾಟಿತು. ಚರ್ಮ ಗರಿ ಮಾಡಲು ಸಮಯ ಉಳಿಯಲಿಲ್ಲ. ಊಟ ಐದೂಕಾಲಿಗೆ ಶುರುವಾಯಿತು, ಯಾರಿಗೂ ಬೇಜಾರಿಲ್ಲ.

ಅಜ್ಜಿ ಪೈ ತರುತ್ತೇನೆ ಅಂದಿದ್ದರು. ಪೈ ಜೊತೆಗೆ ಟವೆಲ್‌ನಲ್ಲಿ ಸುತ್ತಿದ ಅಜ್ಜನ ಚಾಕು, ಎರಡು ಹಲ್ಲಿನ ಉದ್ದ ಫೋರ್ಕ್ ಕೂಡ ತಂದಿದ್ದರು. ನಾನು ಇಡೀ ಟರ್ಕಿ ಮೇಜಿನ ಮೇಲಿಟ್ಟಾಗ ಅವರೇ ಎದ್ದು ನಿಂತರು. ಕಾಲನ್ನು ಹೊರಕ್ಕೆ ಬಾಗಿಸಿ, ಕೀಲು ಎಲ್ಲಿದೆ ಅಂತ ಚಾಕುವಿನ ತುದಿಯಿಂದ ಮಗಳಿಗೆ ತೋರಿಸಿದರು. ಮೂಳೆ ಕೊಯ್ಯಬಾರದು, ಎರಡು ಮೂಳೆ ಸೇರುವ ಸಂದಿಯಲ್ಲಿ ಚಾಕು ತಾನೇ ಇಳಿಯುತ್ತದೆ ಅಂದರು. ಇಷ್ಟು ವರ್ಷ ಗಂಡನ ಪಕ್ಕ ಕೂತು ನೋಡಿದ್ದಂತೆ, ಒಂದು ಸಲವೂ ತಾವು ಮಾಡಿರಲಿಲ್ಲವಂತೆ. ಆ ಕಾಲು ಮಗಳ ತಟ್ಟೆಗೇ ಬಂತು.

ಎದೆಯ ಹೋಳುಗಳ ಮೇಲೆ ಬ್ರಾತ್ ಹಾಕಿದ್ದು ಬಹಳ ಒಳ್ಳೆಯದಾಯಿತು. ಮೆತ್ತಗಿತ್ತು, ಎರಡನೇ ಸಲ ಎಲ್ಲರೂ ಹಾಕಿಸಿಕೊಂಡರು. ಏಳು ಗಂಟೆಯ ಒಳಗೆ ಉಳಿದ ಮಾಂಸ ಬಿಡಿಸಿ ಸಣ್ಣ ಡಬ್ಬಗಳಲ್ಲಿ ಫ್ರಿಜ್‌ಗೆ ಇಟ್ಟೆ. ಮೂರು ನಾಲ್ಕು ದಿನಕ್ಕೆ ಆಗುವಷ್ಟು ಬಿಟ್ಟು ಮಿಕ್ಕಿದ್ದು ಫ್ರೀಜರ್‌ಗೆ. ಮೂಳೆಗಳು ಈಗ ಈರುಳ್ಳಿ, ಕ್ಯಾರೆಟ್ ಜೊತೆ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿವೆ. ಉಪ್ಪು ಹಾಕಿಲ್ಲ. ಮಧ್ಯಾಹ್ನ ಸೋಸಿ ಅಜ್ಜಿಗೆ ಒಂದು ಡಬ್ಬ ಕೊಟ್ಟು ಬರುತ್ತೇನೆ, ಚಾಕು ಇಲ್ಲೇ ಮರೆತು ಹೋಗಿದ್ದಾರೆ.