ಅಪಾಚೆ ಟಿಯರ್ಸ್‌ಗೆ ಹೊಳಪು ಬರ್ತಿಲ್ಲ, ವೈಬ್ರೇಟರಿ ಟಂಬ್ಲರ್ ತಗೋಬೇಕಾ?

ಮರಳುಗಾಡಿನ ಕನ್ನಡಿಗ:
ಎಲ್ರಿಗೂ ನಮಸ್ಕಾರ. ನಾನಿರೋದು ಅರಿಝೋನಾದ ಫೀನಿಕ್ಸ್ ಹತ್ರ. ಇಲ್ಲಿಂದ ಪೂರ್ವಕ್ಕೆ ಹೋದ್ರೆ ಸುಪೀರಿಯರ್ ಅಂತ ಹಳೇ ಮೈನಿಂಗ್ ಊರಿದೆ, ಆ ಕಡೆಯ ಅಪಾಚೆ ಟಿಯರ್ಸ್ ಒಂದು ಡಬ್ಬಿ ತುಂಬಾ ಸೇರಿಸಿಟ್ಟಿದೀನಿ. ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ ಇದು ಅಬ್ಸಿಡಿಯನ್ನೇ, ಜ್ವಾಲಾಮುಖಿ ಗಾಜು, ಗೋಲಿ ಸೈಜಿನ ಕಪ್ಪು ಉಂಡೆಗಳು, ಬೆಳಕಿಗೆ ಹಿಡಿದ್ರೆ ಕಪ್ಪು ಹೋಗಿ ಕಂದು ಬಣ್ಣದಲ್ಲಿ ಆಚೆ ಕಡೆ ಕಾಣುತ್ತೆ. ನನ್ನ ರೋಟರಿ ಟಂಬ್ಲರಲ್ಲಿ (ಕಲ್ಲನ್ನ ಉಜ್ಜೋ ಪುಡಿ, ನೀರಿನ ಜೊತೆ ಡ್ರಮ್ಮಲ್ಲಿ ತಿರುಗಿಸಿ ನುಣುಪು ಮಾಡೋ ಮಿಷಿನ್) ಅಗೇಟ್, ಜಾಸ್ಪರ್ ಎಲ್ಲಾ ಫಸ್ಟ್ ಕ್ಲಾಸಾಗಿ ಬರುತ್ತೆ, ಇದನ್ನ ಹಾಕಿದ್ರೆ ಮಾತ್ರ ಒದ್ದೆ ಇರೋವಾಗ ಸೂಪರ್, ಒಣಗಿದ ತಕ್ಷಣ ಮಂಕು, ಅಂಚೆಲ್ಲಾ ಬೆಳ್ಳಗೆ. ಲೂಪ್ (ಚಿಕ್ಕ ಭೂತಗನ್ನಡಿ) ಇಟ್ಟು ನೋಡಿದ್ರೆ ಮೈಮೇಲೆಲ್ಲಾ ಸಣ್ಣ ಸಣ್ಣ ಅರ್ಧಚಂದ್ರದ ಗುರುತು. ವೈಬ್ರೇಟರಿ ಟಂಬ್ಲರ್ ತಗೊಂಡ್ರೆ ಇದು ಸರಿಹೋಗುತ್ತಾ, ಇಲ್ಲ ದುಡ್ಡು ದಂಡನಾ? ತಗೊಂಡ್ರೆ ಎಷ್ಟು ನೀರು, ಯಾವ ಗ್ರಿಟ್ (ಉಜ್ಜೋ ಪುಡಿ), ಕೊನೆಗೆ ಪಾಲಿಶ್‌ಗೆ ಸೀರಿಯಂ ಆಕ್ಸೈಡಾ ಅಲ್ಯುಮಿನಿಯಂ ಆಕ್ಸೈಡಾ, ಅನುಭವ ಇರೋರು ದಯವಿಟ್ಟು ಹೇಳಿ.

ಶಿಲಾಪ್ರೇಮಿ (ಪೋರ್ಟ್‌ಲ್ಯಾಂಡ್):
ಗುರುಗಳೇ, ಆ ಅರ್ಧಚಂದ್ರ ಇದ್ಯಲ್ಲ, ಅದು ಗ್ರಿಟ್ ಮಾಡಿದ ಗೀರಲ್ಲ, ಕಲ್ಲಿಗೆ ಕಲ್ಲು ಬಡಿದ ಏಟು. ಅಬ್ಸಿಡಿಯನ್ ಗಡಸುತನ ಮೋಸ್ ಸ್ಕೇಲಲ್ಲಿ 5ರಿಂದ 5.5, ಅಗೇಟ್ 6.5ರಿಂದ 7. ಅದಕ್ಕಿಂತ ಮುಖ್ಯ ಅಂದ್ರೆ ಇದು ಗಾಜು, ಒಳಗೆ ಹರಳಿನ ಕಟ್ಟೇ ಇಲ್ಲ, ಬಿರುಕು ಶುರುವಾದ್ರೆ ತಡೆಯೋಕೆ ಏನೂ ಇಲ್ದೆ ಬಾಗಿಕೊಂಡು ಓಡುತ್ತೆ. ರೋಟರಿ ಬ್ಯಾರಲಲ್ಲಿ ಕಲ್ಲು ಮೇಲಕ್ಕೆ ಹೋಗಿ ಜಾರಿ ಬೀಳ್ತಾನೇ ಇರುತ್ತೆ, ಬಿದ್ದಾಗೆಲ್ಲಾ ಒಂದೊಂದು ಏಟು, ಅಗೇಟ್ ತಡ್ಕೊಳ್ಳುತ್ತೆ, ಇದು ತಡ್ಕೊಳ್ಳಲ್ಲ. ವೈಬ್ರೇಟರಿಯಲ್ಲಿ ಕಲ್ಲು ಬೀಳೋದೇ ಇಲ್ಲ, ಒತ್ತೊತ್ತಾಗಿ ನಿಂತು ನಡುಗ್ತಾ ಒಂದಕ್ಕೊಂದು ಉಜ್ಜುತ್ತೆ ಅಷ್ಟೇ. ಹಾಗಾಗಿ ನನ್ನ ಮಟ್ಟಿಗೆ ದುಡ್ಡು ದಂಡ ಅಲ್ಲವೇ ಅಲ್ಲ, ಅಬ್ಸಿಡಿಯನ್ ಇಷ್ಟ ಇರೋರು ತಗೊಳ್ಳಲೇಬೇಕಾದ ಮಿಷಿನ್ ಇದು.

ಆದ್ರೆ ಅದು ಶೇಪ್ ಮಾಡಲ್ಲ, ನೆನಪಿರಲಿ. ಆಳವಾದ ಹಳ್ಳ, ಚೂಪು ಮೂಲೆ ಎಲ್ಲಾ ಮೊದಲೇ ಹೋಗಿರಬೇಕು. ಅಪಾಚೆ ಟಿಯರ್ಸ್ ಹುಟ್ಟಾ ಉಂಡೆಯಾಗಿರೋದ್ರಿಂದ ಆ ಕಷ್ಟ ಕಮ್ಮಿ. ಒಂದು ಸಂಗತಿ ನೋಡ್ಕೊಳಿ, ಅದರ ಮೇಲೆ ಅಂಟಿರೋ ಬೂದು ಸಿಪ್ಪೆ ಪರ್ಲೈಟು. ಅಬ್ಸಿಡಿಯನ್ ನಿಧಾನಕ್ಕೆ ನೀರು ಹೀರಿಕೊಂಡು ಪರ್ಲೈಟ್ ಆಗುತ್ತೆ, ಆಗದೆ ಉಳಿದ ತಿರುಳೇ ನಿಮ್ಮ ಕಲ್ಲು. ನರ್ಸರಿಯವ್ರು ಕುಂಡದ ಮಣ್ಣಿಗೆ ಬೆರೆಸೋ ಬಿಳಿ ಕಾಳಿದ್ಯಲ್ಲ, ಅದೂ ಪರ್ಲೈಟೇ, ಬಿಸಿ ಮಾಡಿ ಅರಳಿಸಿದ್ದು. ಈ ಸಿಪ್ಪೆ ಸಂದಿಯಲ್ಲಿ ಒಂಚೂರು ಉಳಿದ್ರೂ ಪಾಲಿಶ್ ಹೊತ್ತಿಗೆ ಉದುರಿ ಇಡೀ ಬ್ಯಾಚ್ ಕೆಡಿಸುತ್ತೆ, ಅದಕ್ಕೆ ಒರಟು ಬ್ರಷ್ಷಲ್ಲಿ ತಿಕ್ಕಿ, ಬಿಡದೆ ಇರೋ ಕಲ್ಲನ್ನ ಪಕ್ಕಕ್ಕೆ ಎತ್ತಿಡಿ.

ಬೌಲಲ್ಲಿ ಬರೀ ಅಬ್ಸಿಡಿಯನ್ ತುಂಬಬೇಡಿ, ಅರ್ಧದಷ್ಟು ಸಣ್ಣ ಸೆರಾಮಿಕ್ ಮೀಡಿಯಾ (ಕಲ್ಲಿನ ನಡುವೆ ತುಂಬೋ ಪಿಂಗಾಣಿ ತುಂಡು) ಇರಲಿ, ಅಗೇಟ್ ಅಂತೂ ಒಂದೂ ಬೇಡ. ಗ್ರಿಟ್ ನಂಬರ್ (ನಂಬರ್ ಹೆಚ್ಚಾದಷ್ಟೂ ಪುಡಿ ನುಣುಪು) ಮೊದಲು 120/220, ಆಮೇಲೆ 500, ಆಮೇಲೆ 1000, ಕೊನೆಗೆ ಪಾಲಿಶ್. ಚಿಕ್ಕ ಬೌಲ್‌ಗೆ ಒಂದೆರಡು ಟೀ ಸ್ಪೂನ್ ಗ್ರಿಟ್ ಸಾಕು. ಎಲ್ಲರೂ ಎಡವೋದು ನೀರಲ್ಲಿ. ಸುರಿಯೋಕೆ ಹೋಗ್ಬೇಡಿ, ಸ್ಪ್ರೇ ಬಾಟ್ಲಲ್ಲಿ ಹೊಡೀರಿ, ಕಲ್ಲೆಲ್ಲಾ ಒದ್ದೆಯಾಗಿ ಮಿನುಗಬೇಕು ಆದ್ರೆ ತಳದಲ್ಲಿ ನೀರು ನಿಲ್ಲಬಾರದು. ನೀರು ಜಾಸ್ತಿ ಆದ್ರೆ ಗ್ರಿಟ್ ತೊಳೆದು ತಳಕ್ಕೆ ಇಳಿಯುತ್ತೆ, ಕಲ್ಲು ಬರಿಮೈಯಲ್ಲಿ ಬಡಿದಾಡುತ್ತೆ, ಸದ್ದಲ್ಲೇ ಗೊತ್ತಾಗುತ್ತೆ, ಗಲಗಲ ಅಂದ್ರೆ ನೀರು ಹೆಚ್ಚು. ಹದವಾಗಿದ್ರೆ ಮಂದವಾಗಿ ಗುಂಯ್ ಅನ್ನುತ್ತೆ, ಒಂದು ಕಲ್ಲು ಎತ್ತಿ ನೋಡಿದ್ರೆ ಸ್ಲರಿ (ಗ್ರಿಟ್ ಬೆರೆತ ಕೆಸರು ನೀರು) ಹಾಲಿನ ಕೆನೆ ಥರ ಮೈಗಂಟಿ ನಿಧಾನಕ್ಕೆ ಇಳಿಯುತ್ತೆ. ನಿಮ್ಮ ಒಣ ಹವೆಗೆ ಗ್ಯಾರೇಜಲ್ಲಿ ಬೇಗ ಆರಿ ಗಟ್ಟಿಯಾಗುತ್ತೆ, ಮುಚ್ಚಳ ಹಾಕಿಡಿ, ಆಗಾಗ ಹೋಗಿ ಒಂದೆರಡು ಸಲ ಸ್ಪ್ರೇ ಮಾಡಿ. ಇನ್ನೊಂದು, ಬಿಸಿಯಾಗಿರೋ ಕಲ್ಲಿನ ಮೇಲೆ ತಣ್ಣೀರು ಬಿಡಬೇಡಿ, ಗಾಜು ಸಿಡಿಯುತ್ತೆ.

ಭೀಮಾತೀರದಂವ (ಕಲಬುರಗಿ):
ಶಿಲಾಪ್ರೇಮಿಯವ್ರು ಹೇಳಿದ್ದು ಖರೇ ಐತ್ರಿ, ಆದ್ರ ರೋಟರಿ ಒಳಗ ಆಗೂದೇ ಇಲ್ಲ ಅಂತ ತಿಳ್ಕೋಬ್ಯಾಡ್ರಿ. ನಾ ನಮ್ಮ ಭೀಮಾ ನದಿ ದಂಡಿ ಅಗೇಟ್ ಹಾಕಾಂವ, ಒಬ್ರು ದೋಸ್ತ್ರು ಅಮೆರಿಕಾದಿಂದ ಒಂದಿಷ್ಟು ಅಬ್ಸಿಡಿಯನ್ ತಂದುಕೊಟ್ಟಿದ್ರು, ಅವನ್ನ ರೋಟರಿ ಒಳಗೇ ತಗದೀನಿ. ಬ್ಯಾರಲ್ ಮುಕ್ಕಾಲರ ಮ್ಯಾಲ ತುಂಬಸ್ರಿ, ಬೀಳಾಕ ಜಾಗಾನೇ ಇರಬಾರ್ದು, ಸೆರಾಮಿಕ್ ಜಾಸ್ತಿ ಹಾಕ್ರಿ, ನೀರಿಗೆ ಒಂದೀಟು ಸಕ್ಕರಿ ಕಲಸಿದ್ರ ಸ್ಲರಿ ದಪ್ಪ ಆಗಿ ಏಟು ತಿನ್ನೂದು ಕಮ್ಮಿ ಆಗ್ತೈತಿ. ತಿರುಗೂ ವೇಗಾನೂ ಇಳಿಸ್ರಿ. ಟೈಮ್ ಭಾಳ ಹಿಡೀತೈತಿ, ಅದೊಂದು ತಯಾರಿರಬೇಕು. ಹೊಸಾ ಮಿಷಿನ್ ತಗೊಳ್ಳೂಕಿಂತ ಮೊದಲ ಇಷ್ಟು ನೋಡ್ರಿ.

ಶಿಲಾಪ್ರೇಮಿ (ಪೋರ್ಟ್‌ಲ್ಯಾಂಡ್):
ಸಕ್ಕರೆ ವಿಷಯ ಒಪ್ಪಿದೆ ಸರ್, ವೈಬ್ರೇಟರಿಗೂ ಅದು ಕೆಲಸ ಮಾಡುತ್ತೆ. ಆದ್ರೂ ಪಾಲಿಶ್ ಹಂತಕ್ಕೆ ನಾನು ವೈಬ್ರೇಟರಿನೇ ಅಂತೀನಿ, ಯಾಕಂದ್ರೆ ರೋಟರಿಯಲ್ಲಿ ಇಷ್ಟೆಲ್ಲಾ ಕಾಪಾಡ್ಕೊಂಡು ಬಂದು ಕೊನೇ ಹಂತದಲ್ಲಿ ಒಂದು ಕಲ್ಲು ಒಡೆದ್ರೂ ಆ ಚೂರು ಮಿಕ್ಕಿದ್ದನ್ನೆಲ್ಲಾ ಗೀರುತ್ತೆ.

ತುಂಗೆ:
ನಾನು ಸೀರಿಯಂ ಪಕ್ಷ. ಕನ್ನಡಕದ ಗಾಜು, ಲೆನ್ಸು ಪಾಲಿಶ್ ಮಾಡೋದೇ ಅದರಲ್ಲಿ, ಅಬ್ಸಿಡಿಯನ್ನೂ ಗಾಜು ತಾನೇ. ಒಳ್ಳೇ ನುಣುಪಿನ ಅಲ್ಯುಮಿನಿಯಂ ಆಕ್ಸೈಡಲ್ಲೂ ಹೊಳಪು ಬರುತ್ತೆ, ಸೀರಿಯಂನಷ್ಟು ದುಬಾರಿನೂ ಅಲ್ಲ, ನಿಮ್ಮ ಹತ್ರ ಅದಿದ್ರೆ ಮೊದಲು ಅದನ್ನೇ ಹಾಕಿ ನೋಡಿ. ಆದ್ರೆ ಅಣ್ಣಾ, ಪಾಲಿಶ್ ಯಾವುದು ಅನ್ನೋದಕ್ಕಿಂತ ಯಾವಾಗ ಅನ್ನೋದು ಮುಖ್ಯ. 500 ಆದ್ಮೇಲೆ ಕಲ್ಲು ತೊಳೆದು ಪೂರ್ತಿ ಒಣಗಿಸಿ ಲೂಪಲ್ಲಿ ನೋಡಿ, ಅರ್ಧಚಂದ್ರ ಒಂದೂ ಇರಬಾರದು, ಮೈ ಒಂದೇ ಸಮ ಮಬ್ಬಾಗಿರಬೇಕು. ಗುರುತು ಉಳಿದಿದ್ರೆ ಮತ್ತೆ 220ಕ್ಕೆ ವಾಪಸ್, ಪಾಲಿಶ್ ಯಾವ ಗುರುತನ್ನೂ ಅಳಿಸಲ್ಲ. ಕೊನೆಯಲ್ಲಿ ಒಣ ಕಲ್ಲನ್ನ ಟ್ಯೂಬ್‌ಲೈಟ್ ಕೆಳಗೆ ಹಿಡಿದು ಪ್ರತಿಬಿಂಬದ ಅಂಚು ನೋಡಿ, ಗೆರೆ ಕತ್ತರಿಸಿದ ಹಾಗೆ ಚೂಪಾಗಿ ಕಂಡ್ರೆ ಆಯ್ತು, ಅಂಚು ಹರಡಿಕೊಂಡಿದ್ರೆ ಇನ್ನೂ ಆಗಿಲ್ಲ. ಅಬ್ಸಿಡಿಯನ್ ಹೊಳಪು ಸರಿಯಾಗಿ ಬಂದಾಗ ಬೇರೆ ಯಾವ ಕಪ್ಪು ಕಲ್ಲೂ ಅದರ ಹತ್ರ ಸುಳಿಯಲ್ಲ, ಬಿಡಬೇಡಿ!

ಹಂತದ ಮಧ್ಯೆ ಬೋರಾಕ್ಸ್ ಹಾಕಿ ಸ್ವಲ್ಪ ಹೊತ್ತು ಓಡಿಸಿ ತೊಳೀರಿ. ಆ ನೀರನ್ನ ಸಿಂಕಿಗೆ ಮಾತ್ರ ಸುರೀಬೇಡಿ, ಪೈಪಲ್ಲಿ ಕೂತು ಕಲ್ಲಾಗುತ್ತೆ, ಬಕೆಟ್ಟಲ್ಲಿ ತುಂಬಿ ಹೊರಗೆ ಚೆಲ್ಲಿ.

ಮರಳುಗಾಡಿನ ಕನ್ನಡಿಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಏಟು ಮತ್ತು ಗೀರು ಬೇರೆ ಬೇರೆ ಅಂತ ಯಾರೂ ಇಷ್ಟು ಬಿಡಿಸಿ ಹೇಳಿರ್ಲಿಲ್ಲ. ವೈಬ್ರೇಟರಿ ತಗೊಳ್ಳೋದು ಗ್ಯಾರಂಟಿ, ಅದು ಬರೋವರ್ಗೂ ಭೀಮಾತೀರದವ್ರ ಸಕ್ಕರೆ ನೀರು ನೋಡ್ತೀನಿ. ಒಂದೇ ಡೌಟು, ಅಗೇಟ್‌ಗೆ ಬಳಸಿದ ಹಳೇ ಸೆರಾಮಿಕ್, ಪ್ಲಾಸ್ಟಿಕ್ ಪೆಲೆಟ್ ಇದೆ, ಅದನ್ನೇ ಹಾಕಬಹುದಾ?

ತುಂಗೆ:
ಸೆರಾಮಿಕ್ ಚೆನ್ನಾಗಿ ತೊಳೆದು 220, 500ಕ್ಕೆ ಹಾಕಿ, ಬಳಸಿ ಸವೆದು ನುಣುಪಾಗಿದ್ರೆ ಹೊಸದಕ್ಕಿಂತ ಒಳ್ಳೇದೇ. ಪ್ಲಾಸ್ಟಿಕ್ ಬೇಡ, ಅದರೊಳಗೆ ಹಳೇ ಗ್ರಿಟ್ ಚುಚ್ಚಿಕೊಂಡು ಕೂತಿರುತ್ತೆ, ಎಷ್ಟು ತೊಳೆದ್ರೂ ಬಿಡಲ್ಲ. ಪಾಲಿಶ್‌ಗೆ ಅಂತ ಒಂದು ಸೆಟ್ ಸೆರಾಮಿಕ್ ಬೇರೆ ಡಬ್ಬಿಯಲ್ಲಿ ಹೆಸರು ಬರೆದು ಇಟ್ಕೊಳಿ, ಅದನ್ನ ಬೇರೆ ಯಾವುದಕ್ಕೂ ಬಳಸ್ಬೇಡಿ.