7 ಸುತ್ತು ಸ್ವಿಸ್ ಮುಗಿದ ಮೇಲೆ ನಾಕೌಟ್: 9ನೇ ಸ್ಥಾನದವನು 10ಕ್ಕೆ ಹೋಗಿದ್ದು ಹೇಗೆ? (ಅರ್ಜೆಂಟ್)

ತುಂಗಾ_ಕುದುರೆ (ಶನಿವಾರ, ರಾತ್ರಿ 8:40)
ತಲೆ ಕೆಟ್ಟು ಹೋಗಿದೆ. ಕಲ್ಯಾಣ ಮಂಟಪದಲ್ಲಿ ನಮ್ಮ ರ‍್ಯಾಪಿಡ್ ಚೆಸ್ ಟೂರ್ನಿ ನಡೀತಿದೆ. 142 ಜನ, 7 ಸುತ್ತು ಸ್ವಿಸ್ (ಸೋತರೂ ಯಾರೂ ಹೊರಗೆ ಹೋಗಲ್ಲ, ಪ್ರತಿ ಸುತ್ತೂ ಸುಮಾರು ಅಷ್ಟೇ ಪಾಯಿಂಟ್ ಇರೋರ ಜತೆ ಆಟ), ಮೊದಲ 8 ಜನರಿಗೆ ನಾಕೌಟ್. 9ರಿಂದ 20ರವರೆಗಿನ ಬಹುಮಾನ ಸ್ವಿಸ್ ಪಟ್ಟಿ ಪ್ರಕಾರ. ಮಧ್ಯಾಹ್ನ 9ರಲ್ಲಿದ್ದ ಹುಡುಗ, ಈಗ ಪ್ರಿಂಟ್ ತೆಗೆದರೆ 10ರಲ್ಲಿದ್ದಾನೆ. ಅವನದ್ದೂ ಈಗ 9ರಲ್ಲಿರೋನದ್ದೂ 5.5 ಪಾಯಿಂಟ್. ಅವನ ಅಪ್ಪ ಮಧ್ಯಾಹ್ನದ ಪಟ್ಟಿಯ ಫೋಟೋ ಮೊಬೈಲಲ್ಲಿ ಹಿಡ್ಕೊಂಡು ಆಫೀಸ್ ಟೇಬಲ್ ಮುಂದೆಯೇ ನಿಂತಿದ್ದಾರೆ. ಟೈಬ್ರೇಕ್ (ಪಾಯಿಂಟ್ ಸಮ ಆದಾಗ ಸ್ಥಾನ ತೀರ್ಮಾನಿಸೋ ಲೆಕ್ಕ) ಸೆಟ್ಟಿಂಗ್ ನಾನು ಮುಟ್ಟಿಲ್ಲ. ಸಾಫ್ಟ್‌ವೇರ್ ಎಲ್ಲರೂ ಬಳಸೋದೇ. ನಾಳೆ ಬೆಳಿಗ್ಗೆ ಸೆಮಿಫೈನಲ್ ಇದೆ, ಗೊತ್ತಿದ್ದವರು ಬೇಗ ಹೇಳಿ.

ಬುಖ್‌ಹೋಲ್ಟ್ಸ್_ಭಟ್ರು (8:52)
ಇದು ಬೈ (ಜೋಡಿ ಸಿಗದವನಿಗೆ ಆಡದೇ ಪಾಯಿಂಟ್ ಕೊಡೋದು) ಸಮಸ್ಯೆ. ಕಣ್ಣು ಮುಚ್ಚಿ ಹೇಳ್ತೇನೆ. ಆಡದ ಸುತ್ತಿಗೆ ನಿಜವಾದ ಎದುರಾಳಿ ಇರೋದಿಲ್ಲ, ಲೆಕ್ಕಕ್ಕೆ ಒಬ್ಬ ಕಾಲ್ಪನಿಕ ಎದುರಾಳಿಯನ್ನು ಇಡ್ತಾರೆ. ಆ ನಿಯಮವನ್ನು ಫಿಡೆ (ವಿಶ್ವ ಚೆಸ್ ಸಂಸ್ಥೆ) ಬದಲಾಯಿಸ್ತಾ ಬಂದಿದೆ. ನಿಮ್ಮದು ಹಳೇ ಆವೃತ್ತಿಯಾದರೆ ಲೆಕ್ಕ ತಪ್ಪುತ್ತೆ. ಆ ಹುಡುಗನಿಗೆ ಯಾವ ಸುತ್ತಿನಲ್ಲಿ ಬೈ ಸಿಕ್ಕಿತ್ತು?

ತುಂಗಾ_ಕುದುರೆ (8:55)
ಇಬ್ಬರಿಗೂ ಬೈ ಇಲ್ಲ ಸರ್. ಏಳಕ್ಕೆ ಏಳೂ ಆಡಿದ್ದಾರೆ.

ಬುಖ್‌ಹೋಲ್ಟ್ಸ್_ಭಟ್ರು (8:59)
ಹಾಗಾದರೆ ಅವರ ಎದುರಾಳಿಗಳಿಗೆ ಬೈ ಸಿಕ್ಕಿರಬೇಕು. ಅಥವಾ ಯಾರೋ ಊಟಕ್ಕೆ ಹೋದವರು ವಾಪಸ್ ಬಂದಿಲ್ಲ, ನೀವು ವಾಕೋವರ್ ಕೊಟ್ಟಿದ್ದೀರಿ. ಇಬ್ಬರ ಎದುರಾಳಿಗಳ ಪಟ್ಟಿ ಪೂರ್ತಿ ಹಾಕಿ, ಒಂದೊಂದಾಗಿ ನೋಡೋಣ.

ಸಿಸಿಲಿಯನ್_ಸಾಗರ (9:03)
ಮೊದಲು ಹೇಳಿ, ಟೈಬ್ರೇಕ್ ಯಾವ ಕ್ರಮದಲ್ಲಿ ಇಟ್ಟಿದ್ದೀರಿ? ಪರಸ್ಪರ ಆಡಿದ ಫಲಿತಾಂಶ ಮೊದಲು ಬರುತ್ತಾ? ಇವರಿಬ್ಬರೂ ಆಡಿದ್ದಾರಾ?

ತುಂಗಾ_ಕುದುರೆ (9:10)
ಪರಸ್ಪರ ಫಲಿತಾಂಶವೇ ಮೊದಲು, ಆದರೆ ಅವರಿಬ್ಬರು ಆಡಿಲ್ಲ. ಆಮೇಲೆ ಬುಖ್‌ಹೋಲ್ಟ್ಸ್ ಕಟ್ 1 (ಎದುರಾಳಿಗಳ ಪಾಯಿಂಟುಗಳ ಮೊತ್ತ, ಅತಿ ಕಡಿಮೆ ಇರೋ ಒಬ್ಬನನ್ನು ಬಿಟ್ಟು), ಆಮೇಲೆ ಪೂರ್ತಿ ಬುಖ್‌ಹೋಲ್ಟ್ಸ್. ಮಧ್ಯಾಹ್ನ ಕಟ್ 1ರಲ್ಲಿ ಹುಡುಗ ಅರ್ಧ ಪಾಯಿಂಟ್ ಮುಂದಿದ್ದ. ಈಗ ಅರ್ಧ ಪಾಯಿಂಟ್ ಹಿಂದಿದ್ದಾನೆ.
ಎದುರಾಳಿಗಳ ಪಟ್ಟಿ ಹಾಕೋಕೆ ಈಗ ಪುರುಸೊತ್ತಿಲ್ಲ ಭಟ್ರೇ. ವಾಕೋವರ್ ಎಲ್ಲಾ ಕೊನೇ ಬೋರ್ಡುಗಳಲ್ಲಿ ಆಗಿದ್ದು.

ಬುಖ್‌ಹೋಲ್ಟ್ಸ್_ಭಟ್ರು (9:14)
ಕೊನೇ ಬೋರ್ಡಿನವನು ಮೊದಲ ಸುತ್ತಿನಲ್ಲಿ ಮೇಲಿನ ಬೋರ್ಡಲ್ಲಿ ಆಡಿರಬಹುದಲ್ವಾ? ಅದನ್ನೇ ನಾನು ಹೇಳ್ತಿರೋದು.

ಹುಬ್ಳಿ_ಆನೆ (9:20)
ನಾಕೌಟ್ ಯಾಕೆ ಬೇಕಿತ್ತು ಅನ್ನೋದೇ ನನ್ನ ಪ್ರಶ್ನೆ. ಸುಮ್ನೆ 9 ಸುತ್ತು ಸ್ವಿಸ್ ಆಡಿಸಿ ಕಪ್ ಕೊಟ್ಟು ಕಳಿಸಬಹುದಿತ್ತು. 1895ರಲ್ಲಿ ಜ್ಯೂರಿಚ್‌ನಲ್ಲಿ ಸ್ವಿಸ್ ಪದ್ಧತಿ ಶುರುವಾಗಿದ್ದೇ ಯಾರನ್ನೂ ಹೊರಗೆ ಹಾಕದೆ ಎಲ್ಲರನ್ನೂ ಆಡಿಸೋಕೆ. ಮೇಲಾಗಿ 142 ಜನಕ್ಕೆ 7 ಸುತ್ತು ಸಾಲಲ್ಲ. 128ರವರೆಗೆ ಸರಿ.

ಸಿಸಿಲಿಯನ್_ಸಾಗರ (9:26)
ಆನೆಯವರೇ, 128 ಲೆಕ್ಕ ಒಬ್ಬನೇ ಪೂರ್ತಿ ಪಾಯಿಂಟ್ ಜತೆ ಉಳೀಬೇಕು ಅಂದಾಗ. ಇಲ್ಲಿ ಬೇಕಿರೋದು ಮೊದಲ 8 ಜನ. 7 ಸುತ್ತು ಸಾಕು. ವಿಶ್ವ ಬ್ಲಿಟ್ಜ್ (ಅತಿ ವೇಗದ ಚೆಸ್) ಟೂರ್ನಿಯಲ್ಲೇ 2024ರಲ್ಲಿ ನ್ಯೂಯಾರ್ಕ್‌ನಲ್ಲಿ 13 ಸುತ್ತು ಸ್ವಿಸ್ ಆಡಿಸಿ ಮೊದಲ 8 ಜನರಿಗೆ ನಾಕೌಟ್ ಇಟ್ಟಿದ್ದರು. ಮಹಿಳೆಯರ ವಿಭಾಗದಲ್ಲಿ ನಮ್ಮ ವೈಶಾಲಿ 11ಕ್ಕೆ 9.5 ತೆಗೆದು ಸ್ವಿಸ್‌ನಲ್ಲಿ ಮೊದಲು ಬಂದಿದ್ದು ಅದರಲ್ಲೇ.

ಹುಬ್ಳಿ_ಆನೆ (9:31)
ಮೊದಲು ಬಂದು ಸಿಕ್ಕಿದ್ದು ಕಂಚು! ಅದನ್ನೇ ಹೇಳ್ತಿರೋದು. ಇಡೀ ಸ್ವಿಸ್ ಚೆನ್ನಾಗಿ ಆಡಿ ಸೆಮಿಫೈನಲ್‌ನಲ್ಲಿ ಹೋದರೆ ಮುಗೀತು. ಓಪನ್ ವಿಭಾಗದಲ್ಲಂತೂ ಫೈನಲ್ 2-2 ಆಗಿ, ಸಡನ್ ಡೆತ್ (ಮೊದಲು ಗೆದ್ದವನಿಗೇ ಕಪ್) ಆಟ ಮೂರೂ ಡ್ರಾ ಆಗಿ, ಕಾರ್ಲ್‌ಸನ್ ನೆಪೊಮ್ನಿಯಾಚಿ ಇಬ್ಬರೂ ಕಪ್ ಹಂಚ್ಕೊಂಡ್ರು. ನಾಕೌಟ್ ಅಂದ್ರೆ ಒಬ್ಬ ಗೆಲ್ಲಬೇಕು ಅಲ್ವಾ?

ಸಿಸಿಲಿಯನ್_ಸಾಗರ (9:35)
ಅದು ನಾಕೌಟ್ ತಪ್ಪಲ್ಲ. ಎಷ್ಟು ಡ್ರಾ ಆದ ಮೇಲೆ ಏನು ಅಂತ ನಿಯಮದಲ್ಲಿ ಕೊನೆ ಇಟ್ಟಿರಲಿಲ್ಲ. ಆರ್ಮಗೆಡನ್ ಇಟ್ಟಿದ್ದರೆ ಅವತ್ತೇ ಮುಗೀತಿತ್ತು. ವೈಟ್‌ಗೆ 5 ನಿಮಿಷ, ಬ್ಲ್ಯಾಕ್‌ಗೆ 4, ಡ್ರಾ ಆದರೆ ಬ್ಲ್ಯಾಕ್ ಗೆದ್ದ ಹಾಗೆ.

ಗಡಿಯಾರಪ್ರಿಯ (9:38)
ಆರ್ಮಗೆಡನ್‌ಗೆ ಎರಡು ಕಡೆ ಬೇರೆ ಬೇರೆ ಟೈಮ್ ಹಾಕೋಕೆ ಡಿಜಿಟಿ 3000 ಗಡಿಯಾರದ ತರ ಇನ್ನೊಂದಿಲ್ಲ. ನಮ್ಮ ಕ್ಲಬ್ಬಲ್ಲಿ 40 ಇವೆ. ಎರಡು ಲ್ಯಾಪ್‌ಟಾಪ್, ಯುಪಿಎಸ್, ಪೇರಿಂಗ್ (ಯಾರಿಗೆ ಯಾರು) ತೋರಿಸೋಕೆ ಎರಡು ಕಡೆ ಪ್ರೊಜೆಕ್ಟರ್. ಕರೆಂಟ್ ಹೋದರೂ ಆಟ ನಿಲ್ಲಲ್ಲ. ಫೋಟೋ ಬೇಕಾದ್ರೆ ಹಾಕ್ತೇನೆ.

ತುಂಗಾ_ಕುದುರೆ (9:44)
ನನ್ನ ಸಮಸ್ಯೆ ಗಡಿಯಾರದ್ದಲ್ಲ ಸ್ವಾಮಿ. ಆ ಅಪ್ಪ ಇನ್ನೂ ಇಲ್ಲೇ ಇದ್ದಾರೆ. ಇವತ್ತು ಕ್ವಾರ್ಟರ್ ಫೈನಲ್ ಪೇರಿಂಗ್ ಬೇರೆ ಕೈಯಲ್ಲೇ ಹಾಕಬೇಕಾಯ್ತು. 1ಕ್ಕೂ 8ಕ್ಕೂ ಹಾಕಿದ್ರೆ ಇವರು ಆಗಲೇ ಆಡಿದ್ದಾರೆ ಅಂತ ಸಾಫ್ಟ್‌ವೇರ್ ತಗೊಳ್ಳಲ್ಲ ಅಂತು. ಅದೊಂದು ಬೇರೆ ತಲೆನೋವು.

ಬುಖ್‌ಹೋಲ್ಟ್ಸ್_ಭಟ್ರು (9:47)
ಅದು ಬೇರೆ ವಿಷಯ. ವಾಕೋವರ್ ಪಟ್ಟಿ ಹಾಕಿ.

ಮೈಸೂರು_ಮಂತ್ರಿ (9:58)
ಬೇರೆ ವಿಷಯ ಅಲ್ಲ. ಅದೇ ವಿಷಯ. ಕುದುರೆಯವರೇ, ನಾಕೌಟನ್ನು ಸ್ವಿಸ್ ಇದ್ದ ಫೈಲಿನಲ್ಲೇ 8ನೇ ಸುತ್ತು ಅಂತ ಸೇರಿಸಿದ್ರಾ?

ತುಂಗಾ_ಕುದುರೆ (10:01)
ಹೌದು ಮೇಡಂ. ಮತ್ತೆಲ್ಲಿ ಸೇರಿಸಬೇಕು? ಒಂದೇ ಟೂರ್ನಿ ತಾನೇ. ಉಳಿದ 134 ಜನರನ್ನು ಗೈರು ಅಂತ ಹಾಕಿದೆ.

ಮೈಸೂರು_ಮಂತ್ರಿ (10:12)
ಅಲ್ಲೇ ಇದೆ ಉತ್ತರ. ಬುಖ್‌ಹೋಲ್ಟ್ಸ್ ಅಂದ್ರೆ ನಿಮ್ಮ ಎದುರಾಳಿಗಳ ಪಾಯಿಂಟುಗಳ ಮೊತ್ತ. ಈಗ 9ರಲ್ಲಿ ಕೂತಿರೋನು ಸ್ವಿಸ್‌ನಲ್ಲಿ ಆಡಿದ ಒಬ್ಬ ಎದುರಾಳಿ ಇವತ್ತು ಕ್ವಾರ್ಟರ್ ಗೆದ್ದಿದ್ದಾನೆ. ಅವನಿಗೆ 1 ಪಾಯಿಂಟ್ ಬಂತು. ಇವನ ಬುಖ್‌ಹೋಲ್ಟ್ಸ್‌ಗೂ 1 ಬಂತು. ಅರ್ಧ ಹಿಂದಿದ್ದವನು ಅರ್ಧ ಮುಂದೆ ಹೋದ. ಲೆಕ್ಕ ಸರಿಯಾಗಿ ಕೂತಿತಲ್ಲ? ಬೈ ತೊಂದರೆಯಾಗಿದ್ರೆ ಮಧ್ಯಾಹ್ನದ ಪಟ್ಟಿಯಲ್ಲೇ ಕಾಣಬೇಕಿತ್ತು.
ನಾಳೆ ಸೆಮಿ, ಫೈನಲ್ ಅದೇ ಫೈಲಲ್ಲಿ ಹಾಕಿದ್ರೆ 11, 12, 15 ಎಲ್ಲಾ ಇನ್ನೊಂದು ಸಲ ಅದಲು ಬದಲು ಆಗುತ್ತೆ.
1-8 ತಗೊಳ್ಳದಿದ್ದುದೂ ಇದಕ್ಕೇ. ಸ್ವಿಸ್‌ನಲ್ಲಿ ಒಮ್ಮೆ ಆಡಿದ ಜೋಡಿ ಮತ್ತೆ ಆಡೋ ಹಾಗಿಲ್ಲ. ನಾಕೌಟಿಗೆ ಆ ನಿಯಮ ಇಲ್ಲ. ಆದರೆ ಸಾಫ್ಟ್‌ವೇರ್‌ಗೆ ಅದು ನಾಕೌಟ್ ಅಂತ ಹೇಗೆ ಗೊತ್ತಾಗಬೇಕು?

ಬುಖ್‌ಹೋಲ್ಟ್ಸ್_ಭಟ್ರು (10:15)
ಇದೂ ಇರಬಹುದು. ಆದರೂ ವಾಕೋವರ್ ಒಮ್ಮೆ ನೋಡೋದು ಒಳ್ಳೇದು.

ತುಂಗಾ_ಕುದುರೆ (10:19)
ನೋಡಿದೆ. ಹೌದು, ಅವನು 3ನೇ ಸುತ್ತಿನಲ್ಲಿ ಸೋತಿದ್ದು ಇವತ್ತು 2ನೇ ಬೋರ್ಡ್ ಗೆದ್ದವನಿಗೇ. ಈಗೇನು ಮಾಡಲಿ? ಎಲ್ಲಾ ಅಳಿಸಬೇಕಾ?

ಮೈಸೂರು_ಮಂತ್ರಿ (10:33)
ಮೊದಲು ಫೈಲಿನ ಒಂದು ನಕಲು ತೆಗೆದು ಪೆನ್‌ಡ್ರೈವಿಗೆ ಹಾಕಿ. ಆಮೇಲೆ ನಕಲಿನಲ್ಲಿ 8ನೇ ಸುತ್ತು ಅಳಿಸಿ ಪಟ್ಟಿ ತೆಗೀರಿ. ಇಂತಿಷ್ಟನೇ ಸುತ್ತಿನ ನಂತರದ ಪಟ್ಟಿ ಕೇಳೋ ಆಯ್ಕೆ ಇದ್ದರೆ ಅಳಿಸೋದೂ ಬೇಡ. ಮಧ್ಯಾಹ್ನದ ಫೋಟೋ ಜತೆ ಸಾಲು ಸಾಲಾಗಿ ಹೋಲಿಸಿ. ಸರಿಯಿದ್ದರೆ ಚೀಫ್ ಆರ್ಬಿಟರ್ (ಮುಖ್ಯ ತೀರ್ಪುಗಾರ) ಸಹಿ ಹಾಕಿಸಿ ನೋಟಿಸ್ ಬೋರ್ಡಿಗೆ ಅಂಟಿಸಿ. ಆ ಕಾಗದವೇ ಬಹುಮಾನಕ್ಕೆ ಆಧಾರ.
ನಾಕೌಟಿಗೆ ಹೊಸ ಫೈಲ್. ಎಂಟೇ ಹೆಸರು. ಇಲ್ಲೊಂದು ಎಡವೋ ಜಾಗ ಇದೆ: ಹೆಸರು ಸೇರಿಸಿದ ತಕ್ಷಣ ರೇಟಿಂಗ್ (ಆಟಗಾರನ ಬಲದ ಅಂಕ) ಪ್ರಕಾರ ನಂಬರ್ ಬರುತ್ತೆ. ನಿಮಗೆ ಬೇಕಿರೋದು ಸ್ವಿಸ್ ಸ್ಥಾನದ ನಂಬರ್. ಅದನ್ನು ಕೈಯಲ್ಲೇ ಕೊಡಿ. ಮೇಲಿನ ಅರ್ಧದಲ್ಲಿ 1-8, 4-5. ಕೆಳಗಿನ ಅರ್ಧದಲ್ಲಿ 2-7, 3-6. ಸೆಮಿಯಲ್ಲಿ 1-8 ಗೆದ್ದವನಿಗೆ 4-5 ಗೆದ್ದವನು. ಸಾಫ್ಟ್‌ವೇರ್‌ಗೆ ಬಿಟ್ಟರೆ ಗೆದ್ದ ನಾಲ್ಕು ಜನರನ್ನು ಅದರ ಇಷ್ಟದ ಹಾಗೆ ಜೋಡಿ ಮಾಡುತ್ತೆ.
ಇನ್ನೊಂದು. ಕ್ವಾರ್ಟರ್ ಡ್ರಾ ಆದಲ್ಲಿ ಏನು ಮಾಡಿದ್ರಿ?

ತುಂಗಾ_ಕುದುರೆ (10:37)
4-5 ಡ್ರಾ ಆಯ್ತು. 3+2 ಬ್ಲಿಟ್ಜ್ (3 ನಿಮಿಷ, ಪ್ರತಿ ನಡೆಗೆ 2 ಸೆಕೆಂಡ್) ಆಡಿಸಿ, ಗೆದ್ದವನಿಗೆ 1-0 ಹಾಕಿದೆ.

ಮೈಸೂರು_ಮಂತ್ರಿ (10:39)
ಯಾವ ಫೈಲಲ್ಲಿ? ಟೂರ್ನಿ ರೇಟೆಡ್ ಅಲ್ವಾ?

ತುಂಗಾ_ಕುದುರೆ (10:40)
ಅದೇ ಫೈಲಲ್ಲಿ. ಫಿಡೆ ರೇಟೆಡ್ಡೇ. ಇಲ್ಲದಿದ್ರೆ ಅಷ್ಟು ಎಂಟ್ರಿ ಫೀ ಯಾರು ಕೊಡ್ತಿದ್ರು?

ಮೈಸೂರು_ಮಂತ್ರಿ (10:46)
ಹಾಗೇ ಕಳಿಸಬೇಡಿ ಮಾರಾಯ್ರೇ. ಡ್ರಾ ಆದ ರ‍್ಯಾಪಿಡ್ ಆಟ ಒಬ್ಬನ ಗೆಲುವು ಅಂತ ರೇಟಿಂಗಿಗೆ ಹೋಗುತ್ತೆ. ರ‍್ಯಾಪಿಡ್ ಫಲಿತಾಂಶ ಅರ್ಧ-ಅರ್ಧವೇ ಇರಬೇಕು. ಬ್ಲಿಟ್ಜ್ ಆಟ ರ‍್ಯಾಪಿಡ್ ವರದಿಗೆ ಸೇರೋ ಹಾಗಿಲ್ಲ, ಅದರ ರೇಟಿಂಗೇ ಬೇರೆ. ಯಾರು ಮುಂದೆ ಹೋದ್ರು ಅನ್ನೋದನ್ನು ಚಾರ್ಟಿನಲ್ಲಿ ಬರೀರಿ ಸಾಕು. ಹೊಸ ಫೈಲಿನ ಆಟಗಳನ್ನು ವರದಿಗೆ ಹೇಗೆ ಸೇರಿಸೋದು ಅಂತ ನಾಳೆ ನಿಮ್ಮ ಆರ್ಬಿಟರ್ ಹತ್ತಿರ ಕೇಳಿ. ನೋಂದಣಿ ಯಾವ ರೀತಿ ಮಾಡಿಸಿದ್ದಾರೆ ಅನ್ನೋದರ ಮೇಲಿದೆ ಅದು.

ಹುಬ್ಳಿ_ಆನೆ (10:50)
9 ಸುತ್ತು ಸ್ವಿಸ್ ಆಡಿಸಿದ್ರೆ ಇದು ಒಂದೂ ಇರ್ತಿರಲಿಲ್ಲ.

ಸಿಸಿಲಿಯನ್_ಸಾಗರ (10:53)
9 ಸುತ್ತಿನಲ್ಲೂ ಟೈಬ್ರೇಕ್ ಜಗಳ ಇರುತ್ತೆ. ನ್ಯೂಯಾರ್ಕ್‌ನಲ್ಲಿ 9.5ಕ್ಕೆ ಹತ್ತು ಜನ ನಿಂತಿದ್ರು, ಟೈಬ್ರೇಕಲ್ಲಿ ಇಬ್ಬರು ಹೊರಗೆ ಹೋದ್ರು. ಜಾಗ 8, ಜನ 10. ಯಾವ ಪದ್ಧತಿ ತಂದ್ರೂ ಯಾರೋ ಒಬ್ಬರ ಅಪ್ಪ ಟೇಬಲ್ ಮುಂದೆ ನಿಲ್ತಾರೆ.

ತುಂಗಾ_ಕುದುರೆ (11:21)
7ನೇ ಸುತ್ತಿನ ಪಟ್ಟಿ ಬಂತು. ಫೋಟೋದಲ್ಲಿರೋ ಹಾಗೇ ಇದೆ. ಅಪ್ಪ ಮನೆಗೆ ಹೋದ್ರು. ಆದರೆ ಸಂಜೆ ಪ್ರಿಂಟ್ ನೋಡಿ ನಾನೇ 9 ಅಂದ್ಕೊಂಡಿರೋ ಇನ್ನೊಬ್ಬ ಹುಡುಗನ ಮನೆಯವರು ಫೋನ್ ಮಾಡ್ತಿದ್ದಾರೆ. ಬಹುಮಾನ ವ್ಯತ್ಯಾಸ 500 ರೂಪಾಯಿ. ನೋಡೋಣ. ಮೇಡಂ, ಮೂರನೇ ಸ್ಥಾನಕ್ಕೆ ಆಟ ಆಡಿಸಬೇಕಾ, ಇಬ್ಬರಿಗೂ ಹಂಚಬಹುದಾ?

ಮೈಸೂರು_ಮಂತ್ರಿ (11:24)
ನೋಟಿಸಿನಲ್ಲಿ ಏನು ಛಾಪಿಸಿದ್ದೀರೋ ಅದೇ.

ತುಂಗಾ_ಕುದುರೆ (11:25)
ಏನೂ ಛಾಪಿಸಿಲ್ಲ.

ಬುಖ್‌ಹೋಲ್ಟ್ಸ್_ಭಟ್ರು (11:32)
ಬೈ ವಿಷಯಕ್ಕೆ ನಾನೇ ಹೊಸ ಥ್ರೆಡ್ ಶುರು ಮಾಡಿದ್ದೇನೆ. ಆಸಕ್ತಿ ಇದ್ದವರು ಅಲ್ಲಿಗೆ ಬನ್ನಿ.

ಕೊಡಗಿನ_ಕಾಲಾಳು (11:40)
ಗಡಿಯಾರಪ್ರಿಯರೇ, ಆ 40 ಗಡಿಯಾರ ಬಾಡಿಗೆಗೆ ಕೊಡ್ತೀರಾ? ಮುಂದಿನ ತಿಂಗಳು ಮಡಿಕೇರಿಗೆ ಬೇಕಿತ್ತು. ಯುಪಿಎಸ್ ಬೇಡ.